ಸ್ವಿಮ್ ಅಪ್, ಚಿಪ್, ಪಿಕ್ಸಿ, ಇಮ್ಸಿ: ವೀರ್ಯಾಣು ಆಯ್ಕೆಗೆ ನಿಮಗೆ ಯಾವುದು ಬೇಕು?

ಕಳೆದ ತಿಂಗಳು ಹಾಸನದ ಕಡೆಯ ದಂಪತಿ ನಮ್ಮ ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಗಂಡನ ಕೈಯಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆ. ಬೇರೆ ಆಸ್ಪತ್ರೆಯಲ್ಲಿ ಕೊಟ್ಟದ್ದು. ಇಕ್ಸಿ, ಅಂದರೆ ಸೂಜಿಯಿಂದ ಅಂಡಾಣುವಿನೊಳಗೆ ವೀರ್ಯಾಣು ಇಡುವ ಚಿಕಿತ್ಸೆ, ಅದರ ಪ್ಯಾಕೇಜಿನ ಮೊತ್ತದ ಕೆಳಗೆ ವೀರ್ಯಾಣು ಆಯ್ಕೆಯ ವಿಧಾನಗಳು ನಾಲ್ಕು ಸಾಲು: ಮೈಕ್ರೋಫ್ಲೂಯಿಡಿಕ್ಸ್ (ಚಿಪ್ ಅನ್ನುವುದು ಇದನ್ನೇ), ಮ್ಯಾಕ್ಸ್, ಪಿಕ್ಸಿ, ಇಮ್ಸಿ. ಒಂದೊಂದರ ಮುಂದೆ ಒಂದೊಂದು ರೇಟು, ಪಕ್ಕದಲ್ಲಿ ಟಿಕ್ ಹಾಕಲು ಖಾಲಿ ಚೌಕ.

"ಮೇಡಂ, ಇದರಲ್ಲಿ ಯಾವುದು ಹಾಕಿಸಿದರೆ ಒಳ್ಳೇದು? ಎಲ್ಲಾನೂ ಹಾಕಿಸಿಬಿಡಿ, ದುಡ್ಡಿನ ಮುಖ ನೋಡಬೇಡಿ ಅಂತ ನಮ್ಮತ್ತೆ ಹೇಳಿ ಕಳಿಸಿದ್ದಾರೆ" ಅಂದರು ಹೆಂಡತಿ. ಆ ವರ್ಷದ ಶುಂಠಿ ಮಾರಿದ ದುಡ್ಡು ತಂದಿದ್ದರು.

ನಾನು ಎಂಬ್ರಿಯಾಲಜಿಸ್ಟ್. ಬೆಂಗಳೂರಿನ ಲ್ಯಾಬ್‌ಗಳಲ್ಲಿ ವೀರ್ಯದ ಸ್ಯಾಂಪಲ್ ತೊಳೆಯುವುದು, ಅಂಡಾಣುವಿಗೆ ವೀರ್ಯಾಣು ಸೇರಿಸುವುದು ನನ್ನ ದಿನದ ಕೆಲಸ. ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ನನ್ನ ಕಿವಿಗೆ ಬೀಳುತ್ತದೆ. ಕಾರಿಡಾರಿನಲ್ಲಿ ನಿಂತು ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ವಿಧಾನಗಳು ಸೀರೆಯ ಹಾಗೆ ಅಲ್ಲ, ಬೆಲೆ ಜಾಸ್ತಿ ಆದಷ್ಟೂ ಗುಣ ಜಾಸ್ತಿ ಅನ್ನುವುದಕ್ಕೆ. ಇವು ಔಷಧಿಯ ಹಾಗೆ. ಯಾವ ತೊಂದರೆ ಇದೆಯೋ ಅದಕ್ಕೆ ಆ ಔಷಧಿ. ತೊಂದರೆಯೇ ಇಲ್ಲದೆ ತೆಗೆದುಕೊಂಡರೆ ದುಡ್ಡು ಹೋಗುತ್ತದೆ, ಕೆಲವು ಸಲ ಒಳ್ಳೆಯ ವೀರ್ಯಾಣುಗಳೂ ಹೋಗುತ್ತವೆ.

ಮೊದಲು ನೋಡಬೇಕಾದ್ದು

ಹೋಲಿಸುವ ಮುಂಚೆ ನಿಮ್ಮ ಫೈಲ್ ತೆರೆದು ಇಟ್ಟುಕೊಳ್ಳಿ.

ನಿಮಗೆ ಆಗುತ್ತಿರುವುದು ಯಾವ ಚಿಕಿತ್ಸೆ? ಐಯುಐ ಆದರೆ ತೊಳೆದ ವೀರ್ಯವನ್ನು ಗರ್ಭಕೋಶದ ಒಳಗೆ ಬಿಡುತ್ತಾರೆ. ಅದಕ್ಕೆ ಚುರುಕಾಗಿ ಓಡುವ ವೀರ್ಯಾಣುಗಳು ಲಕ್ಷಗಟ್ಟಲೆ ಬೇಕು. ತೊಳೆದ ಮೇಲೆ 50 ಲಕ್ಷಕ್ಕಿಂತ ಜಾಸ್ತಿ ಸಿಕ್ಕರೆ ನಾವು ಸಮಾಧಾನ ಪಡುತ್ತೇವೆ. ಸಾಮಾನ್ಯ ಐವಿಎಫ್‌ನಲ್ಲಿ ಲ್ಯಾಬಿನ ತಟ್ಟೆಯಲ್ಲಿ ಅಂಡಾಣುವಿನ ಸುತ್ತ ವೀರ್ಯಾಣುಗಳನ್ನು ಬಿಟ್ಟು ತಾವಾಗಿ ಸೇರಲು ಬಿಡುತ್ತೇವೆ. ಇಕ್ಸಿಯಲ್ಲಿ ಮಾತ್ರ ಒಂದು ಅಂಡಾಣುವಿಗೆ ಒಂದೇ ವೀರ್ಯಾಣುವನ್ನು ಆರಿಸಿ ಸೂಜಿಯಿಂದ ಒಳಗೆ ಇಡುತ್ತೇವೆ. ಪಿಕ್ಸಿ ಮತ್ತು ಇಮ್ಸಿ ಇಕ್ಸಿಗೆ ಮಾತ್ರ ಹೊಂದುತ್ತವೆ. ಐಯುಐ ಮಾಡಿಸುವವರಿಗೆ ಅವುಗಳ ಚಿಂತೆಯೇ ಬೇಡ.

ಎರಡನೆಯದು, ವೀರ್ಯ ಪರೀಕ್ಷೆಯ ವರದಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಕೆಳಗಿನ ಮಿತಿ ಒಂದು ಮಿಲಿಗೆ 1 ಕೋಟಿ 60 ಲಕ್ಷ ವೀರ್ಯಾಣು, ಒಟ್ಟು 3 ಕೋಟಿ 90 ಲಕ್ಷ, ಮುಂದಕ್ಕೆ ಓಡುವವು ಶೇ. 30, ಸರಿಯಾದ ಆಕಾರದವು ಶೇ. 4. ಆ ನಾಲ್ಕು ನೋಡಿ ಅಳುವವರನ್ನು ನೋಡಿದ್ದೇನೆ. "ನೂರಕ್ಕೆ ನಾಲ್ಕೇ ಸರಿ ಇದೆಯಾ ಮೇಡಂ?" ಅಂತ. ಮನುಷ್ಯರ ವೀರ್ಯವೇ ಹಾಗೆ. ತಂದೆಯಾದವರಲ್ಲೂ ಬಹುಪಾಲು ವೀರ್ಯಾಣುಗಳ ಆಕಾರ ಓರೆಕೋರೆ. ಈ ಮಿತಿಗಳನ್ನು ತೆಗೆದದ್ದು, ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರ ವರದಿಗಳಿಂದಲೇ. ಅವರಲ್ಲಿ ಕಟ್ಟಕಡೆಯ ಶೇ. 5 ಜನ ನಿಲ್ಲುವ ಗೆರೆ ಅದು. ಅದಕ್ಕಿಂತ ಕೆಳಗಿದ್ದರೆ ಮಗು ಆಗುವುದೇ ಇಲ್ಲ ಅಂತಲ್ಲ.

ಮೂರನೆಯದು ಹಿಂದಿನ ಕತೆ. ಗರ್ಭಪಾತ ಆಗಿದೆಯಾ? ಎಷ್ಟು ಸಲ? ಹಿಂದಿನ ಐವಿಎಫ್‌ನಲ್ಲಿ ಭ್ರೂಣ ಯಾವ ದಿನ ನಿಂತುಹೋಯಿತು? ಈ ಕೊನೆಯ ಪ್ರಶ್ನೆಯನ್ನು ತುಂಬ ಜನ ಕೇಳುವುದೇ ಇಲ್ಲ. ಭ್ರೂಣದ ಮೊದಲ ಎರಡು ದಿನ ಹೆಚ್ಚಾಗಿ ಅಂಡಾಣುವಿನ ಬಂಡವಾಳದ ಮೇಲೆ ನಡೆಯುತ್ತದೆ. ನಾಲ್ಕರಿಂದ ಎಂಟು ಕೋಶ ಆಗುವ ಹೊತ್ತಿಗೆ ಭ್ರೂಣದ ಸ್ವಂತ ಜೀನ್‌ಗಳು, ಅಂದರೆ ತಂದೆಯ ಕಡೆಯವೂ ಸೇರಿ, ಕೆಲಸ ಶುರು ಮಾಡುತ್ತವೆ. ಹಾಗಾಗಿ ಮೂರನೇ ದಿನದವರೆಗೆ ಚೆನ್ನಾಗಿ ಬಂದು ಐದನೇ ದಿನದೊಳಗೆ ಎಲ್ಲ ಭ್ರೂಣಗಳೂ ಕುಂಟಿದರೆ ವೀರ್ಯಾಣುವಿನ ಡಿಎನ್‌ಎ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ಅದೊಂದೇ ಕಾರಣ ಅಂತ ಅಲ್ಲ, ಅದೂ ಒಂದು.

ಅದನ್ನು ನೋಡುವ ಪರೀಕ್ಷೆಯೇ ಡಿಎಫ್‌ಐ. ಎಷ್ಟು ವೀರ್ಯಾಣುಗಳ ಡಿಎನ್‌ಎ ಎಳೆ ತುಂಡಾಗಿದೆ ಅನ್ನುವ ಲೆಕ್ಕ. ಶೇ. 30 ದಾಟಿದರೆ ಜಾಸ್ತಿ ಅಂತ ಹೆಚ್ಚಿನ ಲ್ಯಾಬ್‌ಗಳು ಹೇಳುತ್ತವೆ. ಪರೀಕ್ಷೆ ಮಾಡುವ ಬಗೆ ಒಂದಕ್ಕಿಂತ ಹೆಚ್ಚು ಇರುವುದರಿಂದ ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಜೊತೆ ನೇರವಾಗಿ ಹೋಲಿಸಬೇಡಿ. ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ. ಮತ್ತೆ ಮತ್ತೆ ಗರ್ಭಪಾತ ಆದವರಿಗೆ, ಕಾರಣ ಗೊತ್ತಾಗದೆ ಐವಿಎಫ್ ಸೋತವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯದು ಹೆಂಡತಿಯ ವಯಸ್ಸು. ವೀರ್ಯಾಣುವಿನ ವಿಷಯದಲ್ಲಿ ಇದೇಕೆ ಬಂತು ಅನ್ನಬೇಡಿ. ವೀರ್ಯಾಣುವಿನ ಡಿಎನ್‌ಎ ಅಲ್ಪಸ್ವಲ್ಪ ಹರಿದಿದ್ದರೆ ಅಂಡಾಣು ಅದನ್ನು ಹೊಲಿದುಕೊಳ್ಳುತ್ತದೆ. ವಯಸ್ಸಾದಂತೆ ಆ ಶಕ್ತಿ ಕುಗ್ಗುತ್ತದೆ. ಅದೇ ಡಿಎಫ್‌ಐ 27ರ ಹೆಂಡತಿ ಇರುವ ಮನೆಯಲ್ಲಿ ತೊಂದರೆ ಕೊಡದೆ ಇರಬಹುದು, 39ರ ಹೆಂಡತಿ ಇರುವ ಮನೆಯಲ್ಲಿ ಕೊಡಬಹುದು.

ಕೊನೆಯದು, ಯಾರಾದರೂ "ಈ ವಿಧಾನ ಬೆಸ್ಟ್" ಅಂದಾಗ ಯಾವುದರಲ್ಲಿ ಬೆಸ್ಟ್ ಅಂತ ಕೇಳಿ. ಲ್ಯಾಬಿನಲ್ಲಿ ವೀರ್ಯಾಣು ಚೆನ್ನಾಗಿ ಕಂಡಿತು ಅನ್ನುವುದು ಒಂದು. ಭ್ರೂಣ ಚೆನ್ನಾಗಿ ಆಯಿತು ಅನ್ನುವುದು ಇನ್ನೊಂದು. ಮಗು ಮನೆಗೆ ಬಂತು ಅನ್ನುವುದು ಬೇರೆಯೇ. ನಿಮಗೆ ಬೇಕಾದ್ದು ಮೂರನೆಯದು, ಅಲ್ವಾ? ಜಾಹೀರಾತಿನ ಅಂಕಿಗಳು ಹೆಚ್ಚಾಗಿ ಮೊದಲನೆಯದರ ಬಗ್ಗೆ ಇರುತ್ತವೆ.

ಹಳೆಯ ಎರಡು ವಿಧಾನಗಳು

ಸ್ವಿಮ್ ಅಪ್ ನನಗೆ ತುಂಬ ಇಷ್ಟದ ಕೆಲಸ. ವೀರ್ಯ ಕೊಟ್ಟ ಕೂಡಲೇ ಗಟ್ಟಿ ಗಂಜಿಯ ಹಾಗೆ ಇರುತ್ತದೆ. ಅರ್ಧ ಗಂಟೆಯೊಳಗೆ ಕರಗಿ ನೀರಾಗುತ್ತದೆ. ಅದನ್ನು ಟೆಸ್ಟ್ ಟ್ಯೂಬಿನ ತಳದಲ್ಲಿ ಇಟ್ಟು ಮೇಲೆ ನಿಧಾನವಾಗಿ, ಒಂದು ಚೂರೂ ಕಲಕದ ಹಾಗೆ, ಪೋಷಕ ದ್ರವ ಬಿಡುತ್ತೇವೆ. ಟ್ಯೂಬನ್ನು 45 ಡಿಗ್ರಿ ಓರೆ ಮಾಡಿ 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಒಂದು ಗಂಟೆ ಇಡುತ್ತೇವೆ. ಓರೆ ಮಾಡುವುದು ಯಾಕೆಂದರೆ ಎರಡು ದ್ರವ ಮುಟ್ಟುವ ಜಾಗ ಅಗಲವಾಗಲಿ ಅಂತ. ಚುರುಕಾದವು ತಾವಾಗಿಯೇ ಮೇಲಿನ ದ್ರವಕ್ಕೆ ಈಜಿ ಬರುತ್ತವೆ. ಸತ್ತವು, ಸೋತವು, ಕಸ, ಕೀವಿನ ಕೋಶಗಳು ತಳದಲ್ಲೇ ಉಳಿಯುತ್ತವೆ. ಮೇಲಿನದನ್ನು ಹೀರಿ ಸ್ಲೈಡಿನ ಮೇಲೆ ಇಟ್ಟು ನೋಡಿದರೆ, ಸಂತೆ ಮುಗಿದ ಮೇಲಿನ ಮೈದಾನದಂತಿದ್ದ ಸ್ಯಾಂಪಲ್ ಈಗ ಬರೀ ಓಟಗಾರರ ಅಂಗಳವಾಗಿರುತ್ತದೆ. ಇಷ್ಟು ವರ್ಷವಾದರೂ ಅದನ್ನು ನೋಡುವಾಗ ಖುಷಿಯಾಗುತ್ತದೆ.

ಇದರ ಕೊರತೆ ಒಂದೇ. ಸಿಗುವುದು ಕಡಿಮೆ. ಓಡುವ ವೀರ್ಯಾಣುಗಳಲ್ಲೂ ಐದನೇ ಒಂದು ಭಾಗ ಮೇಲೆ ಬಂದರೆ ಹೆಚ್ಚು. ಸಂಖ್ಯೆ ಚೆನ್ನಾಗಿದ್ದವರಿಗೆ ಇದು ಸಾಕು. ಮೊದಲೇ ಕಡಿಮೆ ಇದ್ದವರಿಗೆ ಸಾಲುವುದಿಲ್ಲ.

ಅಂಥವರಿಗೆ ಗ್ರೇಡಿಯಂಟ್. ಟ್ಯೂಬಿನಲ್ಲಿ ಎರಡು ಪದರ ಹಾಕುತ್ತೇವೆ, ಕೆಳಗೆ ಶೇ. 80ರ ಗಟ್ಟಿ ದ್ರವ, ಮೇಲೆ ಶೇ. 40ರ ತೆಳು ದ್ರವ. ಅದರ ಮೇಲೆ ವೀರ್ಯ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ, ತಲೆಯಲ್ಲಿ ಡಿಎನ್‌ಎ ಒತ್ತಾಗಿ ಸುತ್ತಿಕೊಂಡ ಬಲಿತ ವೀರ್ಯಾಣುಗಳು ಎರಡೂ ಪದರ ದಾಟಿ ತಳಕ್ಕೆ ಇಳಿಯುತ್ತವೆ. ಜೊಳ್ಳು ಮೇಲೆ ತೇಲುತ್ತದೆ. ಮೊರದಲ್ಲಿ ಕೇರಿದರೆ ಗಟ್ಟಿ ಕಾಳು ಉಳಿದು ಹೊಟ್ಟು ಹಾರುವುದಿಲ್ಲವೇ, ಲೆಕ್ಕ ಅದೇ. ಸಂಖ್ಯೆ ಕಡಿಮೆ ಇದ್ದವರಿಗೆ, ವೀರ್ಯ ಅಂಟಾಗಿದ್ದವರಿಗೆ, ಕೀವಿನ ಕೋಶ ಜಾಸ್ತಿ ಇದ್ದವರಿಗೆ ಇದು ಕೈ ಹಿಡಿಯುತ್ತದೆ. ಗಂಡನಿಗೆ ಎಚ್‌ಐವಿ ಇದ್ದು ಹೆಂಡತಿಗೆ ಇಲ್ಲದ ಮನೆಗಳಲ್ಲೂ ಗ್ರೇಡಿಯಂಟ್ ಮಾಡಿ, ಅದರ ಮೇಲೆ ಸ್ವಿಮ್ ಅಪ್ ಮಾಡಿ ವೀರ್ಯಾಣುಗಳನ್ನು ಬೇರ್ಪಡಿಸುತ್ತಾರೆ.

ಗ್ರೇಡಿಯಂಟ್ ಮೇಲಿರುವ ದೂರು ಸೆಂಟ್ರಿಫ್ಯೂಜಿನದು. ರಭಸವಾಗಿ ತಿರುಗಿಸುವಾಗ ಆಗುವ ಒತ್ತಡದಿಂದ ಡಿಎನ್‌ಎಗೆ ಹಾನಿ ಆಗಬಹುದು ಅನ್ನುತ್ತಾರೆ. ದೂರಿನಲ್ಲಿ ಹುರುಳಿದೆ. ಆದರೆ ನಿಗದಿಯಾದ ವೇಗ, ನಿಗದಿಯಾದ ನಿಮಿಷ ಪಾಲಿಸುವ ಲ್ಯಾಬಿನಲ್ಲಿ ಅದು ದೊಡ್ಡ ಭಯವಲ್ಲ. ಕೈ ಪಳಗಿದವರು ಮಾಡಿದ ಗ್ರೇಡಿಯಂಟ್, ಪಳಗದವರು ಮಾಡಿದ ಯಾವುದೇ ದುಬಾರಿ ವಿಧಾನಕ್ಕಿಂತ ಮೇಲು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇವೆರಡಕ್ಕೂ ಸಾಮಾನ್ಯವಾಗಿ ಬೇರೆ ದುಡ್ಡು ಕೊಡಬೇಕಿಲ್ಲ. ಪ್ಯಾಕೇಜಿನೊಳಗೇ ಇರುತ್ತವೆ. ಬೇರೆ ಸಾಲಿನಲ್ಲಿ ಬರೆದಿದ್ದರೆ ಯಾಕೆ ಅಂತ ಕೇಳಿ.

ಚಿಪ್

ಈಗ ಎಲ್ಲರೂ ಕೇಳುವುದು ಇದನ್ನೇ. ಬೆರಳುದ್ದದ ಪ್ಲಾಸ್ಟಿಕ್ ಸಾಧನ. ಝೈಮಾಟ್ ಅನ್ನುವ ಹೆಸರು ನೀವು ಕೇಳಿರಬಹುದು. ಒಂದು ಬದಿಯ ತೂತಿನಿಂದ 850 ಮೈಕ್ರೋಲೀಟರ್ ವೀರ್ಯ ಬಿಡುತ್ತೇವೆ, ಅಂದರೆ ಒಂದು ಮಿಲಿಗೂ ಕಡಿಮೆ. ಒಳಗೆ ಜರಡಿಯಂಥ ತೆಳು ಪೊರೆ ಇದೆ. ಅದರ ರಂಧ್ರಗಳು ಬರೀ 8 ಮೈಕ್ರಾನ್. ಅರ್ಧ ಗಂಟೆ ಇನ್‌ಕ್ಯುಬೇಟರಿನಲ್ಲಿ ಇಟ್ಟರೆ, ಚೆನ್ನಾಗಿ ಈಜುವವು ಮಾತ್ರ ಆ ರಂಧ್ರ ದಾಟಿ ಮೇಲಿನ ಕೋಣೆಗೆ ಬರುತ್ತವೆ. ಸೆಂಟ್ರಿಫ್ಯೂಜ್ ಇಲ್ಲ. ಕೈಕೆಲಸ ಕಡಿಮೆ. ತಪ್ಪಾಗುವ ಜಾಗವೂ ಕಡಿಮೆ.

ಚಿಪ್‌ನಿಂದ ಬಂದ ವೀರ್ಯಾಣುಗಳಲ್ಲಿ ಡಿಎನ್‌ಎ ಒಡೆತ ಗ್ರೇಡಿಯಂಟ್‌ಗಿಂತ ಕಡಿಮೆ ಇರುತ್ತದೆ ಅಂತ ಒಂದಲ್ಲ, ಹಲವು ಅಧ್ಯಯನಗಳು ತೋರಿಸಿವೆ. ಇದನ್ನು ನಾನೂ ಒಪ್ಪುತ್ತೇನೆ. ಆದರೆ ಮುಂದಿನ ಮೆಟ್ಟಿಲು ನೋಡಿ. 2022ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ದಂಪತಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಚಿಪ್, ಇನ್ನೊಂದಕ್ಕೆ ಮಾಮೂಲಿ ವಿಧಾನ. ಭ್ರೂಣದ ಗುಣಮಟ್ಟದಲ್ಲಾಗಲಿ, ಗರ್ಭ ನಿಂತ ಪ್ರಮಾಣದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದು ಎಲ್ಲ ಬಗೆಯ ದಂಪತಿಗಳೂ ಸೇರಿದ್ದ ಗುಂಪು. ಡಿಎಫ್‌ಐ ಜಾಸ್ತಿ ಇರುವವರನ್ನಷ್ಟೇ ತೆಗೆದುಕೊಂಡರೆ ಲಾಭ ಕಾಣಬಹುದು ಅನ್ನುವ ವಾದ ಇದೆ. ಆ ವಾದದಲ್ಲಿ ನನಗೂ ಸ್ವಲ್ಪ ನಂಬಿಕೆ ಇದೆ. ಆದರೆ ಎಲ್ಲರಿಗೂ ಚಿಪ್ ಹಾಕಿಸಿ ಅನ್ನಲು ಬಾಯಿ ಬರುವುದಿಲ್ಲ.

ಇನ್ನೊಂದು ಮಿತಿ ಇದೆ. ಪೊರೆ ದಾಟಲು ವೀರ್ಯಾಣುವಿಗೆ ಕಸುವು ಬೇಕು. ಓಡುವವೇ ತೀರಾ ಕಡಿಮೆ ಇದ್ದರೆ ಅರ್ಧ ಗಂಟೆಯಾದ ಮೇಲೆ ಮೇಲಿನ ಕೋಣೆ ಖಾಲಿ ಇರುತ್ತದೆ. ಆಗ ಮತ್ತೆ ಗ್ರೇಡಿಯಂಟ್‌ಗೇ ಬರಬೇಕು. ಒಂದು ಸಲ ಬಳಸಿದ ಚಿಪ್ ಎಸೆಯುವುದೇ. ಹಾಗಾಗಿ ಪ್ರತಿ ಸೈಕಲ್‌ಗೂ, ಅಂದರೆ ಚಿಕಿತ್ಸೆಯ ಪ್ರತಿ ಸುತ್ತಿಗೂ, ಹೊಸ ಖರ್ಚು.

ಮ್ಯಾಕ್ಸ್

ಸಾಯಲು ಹೊರಟ ವೀರ್ಯಾಣುವಿನ ಹೊರಪೊರೆಯಲ್ಲಿ ಒಂದು ಗುರುತು ಹೊರಗೆ ಬರುತ್ತದೆ. ಅದಕ್ಕೆ ಅಂಟುವ ಕಣ್ಣಿಗೆ ಕಾಣದಷ್ಟು ಸಣ್ಣ ಅಯಸ್ಕಾಂತದ ಮಣಿಗಳನ್ನು ಬೆರೆಸಿ, ಅಯಸ್ಕಾಂತ ಇರುವ ಕೊಳವೆಯಲ್ಲಿ ಹರಿಸುತ್ತಾರೆ. ಗುರುತು ಇರುವವು ಗೋಡೆಗೆ ಹಿಡಿದುಕೊಳ್ಳುತ್ತವೆ, ಉಳಿದವು ಹರಿದು ಬರುತ್ತವೆ. ಉಪಾಯ ಚೆನ್ನಾಗಿದೆ. ಆದರೆ ಇದೊಂದೇ ಸಾಲದು, ಗ್ರೇಡಿಯಂಟ್ ಜೊತೆ ಸೇರಿಸಿಯೇ ಮಾಡಬೇಕು. ಹಾಗಾಗಿ ಕೈಕೆಲಸ, ಸಮಯ, ಖರ್ಚು ಮೂರೂ ಜಾಸ್ತಿ, ಸಂಖ್ಯೆಯೂ ಇಳಿಯುತ್ತದೆ. ಇದರಿಂದ ಮಕ್ಕಳು ಹುಟ್ಟುವುದು ಹೆಚ್ಚಾಯಿತು ಅನ್ನುವ ಗಟ್ಟಿ ಆಧಾರ ಇಲ್ಲ. ಡಿಎಫ್‌ಐ ಜಾಸ್ತಿ ಇದ್ದು ಚಿಪ್ ಮತ್ತು ಮ್ಯಾಕ್ಸ್ ಎರಡರಲ್ಲಿ ಒಂದು ಆರಿಸಿ ಅಂದರೆ ನಾನು ಚಿಪ್ ಅನ್ನುತ್ತೇನೆ. ಕೆಲಸ ಸರಳ.

ಪಿಕ್ಸಿ

ಇಕ್ಸಿ ಮಾಡುವಾಗ ನಾವು ಹೇಗೆ ಆರಿಸುತ್ತೇವೆ ಅಂತ ಮೊದಲು ಹೇಳಬೇಕು. ಎಣ್ಣೆಯ ಕೆಳಗೆ ಒಂದು ಹನಿ ದ್ರವ. ಅದು ಸ್ವಲ್ಪ ಅಂಟು, ವೀರ್ಯಾಣುಗಳ ಓಟ ನಿಧಾನವಾಗಲಿ ಅಂತ. 400 ಪಟ್ಟು ದೊಡ್ಡದಾಗಿ ಕಾಣುವ ಮೈಕ್ರೋಸ್ಕೋಪಿನಲ್ಲಿ ತಲೆ ಮೊಟ್ಟೆಯಾಕಾರ ಇದೆಯಾ, ಕತ್ತು ಸೊಟ್ಟಗಿದೆಯಾ, ನೇರ ಹೋಗುತ್ತಿದೆಯಾ ಅಂತ ನೋಡಿ ಒಂದನ್ನು ಗುರುತಿಸುತ್ತೇವೆ. ಸೂಜಿಯಿಂದ ಅದರ ಬಾಲವನ್ನು ತಟ್ಟೆಗೆ ಒಮ್ಮೆ ಒತ್ತಿ ನಿಲ್ಲಿಸಿ, ಹೀರಿ, ಅಂಡಾಣುವಿನ ಒಳಗೆ ಬಿಡುತ್ತೇವೆ. ಆಯ್ಕೆ ಪೂರಾ ಕಣ್ಣಿನ ಅಂದಾಜು. ಡಿಎನ್‌ಎ ಸರಿ ಇದೆಯಾ ಅಂತ ಕಣ್ಣಿಗೆ ಕಾಣುವುದಿಲ್ಲ.

ಪಿಕ್ಸಿಯಲ್ಲಿ ತಟ್ಟೆಯ ಮೇಲೆ ಹಯಲುರೋನನ್ ಅನ್ನುವ ವಸ್ತುವಿನ ಚುಕ್ಕಿಗಳಿರುತ್ತವೆ. ಅಂಡಾಣುವಿನ ಸುತ್ತಲೂ ಸಹಜವಾಗಿ ಇರುವ ವಸ್ತು ಅದು. ಬಲಿತ ವೀರ್ಯಾಣುವಿಗೆ ಮಾತ್ರ ಅದನ್ನು ಹಿಡಿಯುವ ಕೊಂಡಿ ಇರುತ್ತದೆ. ತಲೆ ಅಂಟಿಕೊಂಡು ಬಾಲ ಪಟಪಟ ಬಡಿಯುತ್ತಾ ಇದ್ದ ಜಾಗದಲ್ಲೇ ಒದ್ದಾಡುತ್ತದೆ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ. ಅದನ್ನು ಆರಿಸುತ್ತೇವೆ.

ಈ ಎಲ್ಲ ಹೊಸ ವಿಧಾನಗಳಲ್ಲಿ ಚೆನ್ನಾಗಿ ಪರೀಕ್ಷೆಗೆ ಒಳಪಟ್ಟದ್ದು ಇದೊಂದೇ ಅನ್ನಬಹುದು. ಬ್ರಿಟನ್ನಿನ 16 ಕೇಂದ್ರಗಳಲ್ಲಿ 2,700ಕ್ಕೂ ಹೆಚ್ಚು ದಂಪತಿಗಳ ಮೇಲೆ ನಡೆದ ಹ್ಯಾಬ್‌ಸೆಲೆಕ್ಟ್ ಪ್ರಯೋಗದ ಫಲಿತಾಂಶ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ತಿಂಗಳು ತುಂಬಿ ಮಗು ಹುಟ್ಟಿದ್ದು ಪಿಕ್ಸಿ ಗುಂಪಿನಲ್ಲಿ ಶೇ. 27.4, ಮಾಮೂಲಿ ಇಕ್ಸಿ ಗುಂಪಿನಲ್ಲಿ ಶೇ. 25.2. ಈ ಅಂತರ ಅದೃಷ್ಟದಿಂದಲೂ ಬರುವಷ್ಟು ಸಣ್ಣದು. ಆದರೆ ಗರ್ಭಪಾತ ಶೇ. 4.3 ಮತ್ತು ಶೇ. 7. ಇದು ಗಮನಿಸಬೇಕಾದ ಇಳಿತ. ಅದೇ ಪ್ರಯೋಗದ ಮಾಹಿತಿಯನ್ನು ಮತ್ತೆ ಜಾಲಾಡಿದಾಗ, ಹೆಂಡತಿಯ ವಯಸ್ಸು ಜಾಸ್ತಿ ಇರುವ ದಂಪತಿಗಳಿಗೆ ಲಾಭ ಹೆಚ್ಚು ಅಂತ ಕಂಡಿತು. ಅಂಡಾಣುವಿನ ಹೊಲಿಗೆ ಶಕ್ತಿಯ ಬಗ್ಗೆ ಮೇಲೆ ಹೇಳಿದೆನಲ್ಲ, ಅದಕ್ಕೆ ಇದು ಸರಿಹೊಂದುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ಪಿಕ್ಸಿಯ ಜಾಗ ಸ್ಪಷ್ಟ. ಎರಡು ಮೂರು ಗರ್ಭಪಾತ ಆಗಿ, ಹೆಂಡತಿಗೆ 35 ದಾಟಿ, ಹೇಗೂ ಇಕ್ಸಿಯೇ ಆಗಬೇಕು ಅಂತಿದ್ದರೆ ಈ ಖರ್ಚಿಗೆ ಅರ್ಥ ಇದೆ. ವಯಸ್ಸು 26, ಮೊದಲ ಸೈಕಲ್, ಗರ್ಭಪಾತ ಇಲ್ಲ ಅಂದರೆ ಬೇಡ.

ಇಮ್ಸಿ

ಇದು ಮೈಕ್ರೋಸ್ಕೋಪಿನ ಶಕ್ತಿ ಹೆಚ್ಚಿಸುವುದು. 6,000 ಪಟ್ಟಿಗಿಂತ ಹೆಚ್ಚು ದೊಡ್ಡದು ಮಾಡಿ ತಲೆಯಲ್ಲಿ ಗುಳಿಗಳಿವೆಯಾ ಅಂತ ನೋಡುತ್ತಾರೆ. ಪರದೆಯ ಮೇಲೆ ನೋಡಲು ಬೆರಗಾಗುತ್ತದೆ, ಅಂಗೈಯಗಲದ ವೀರ್ಯಾಣು. ಆದರೆ ಒಂದೊಂದನ್ನೂ ಹಾಗೆ ನೋಡುತ್ತಾ ಕೂತರೆ ಗಂಟೆಗಟ್ಟಲೆ ಹೋಗುತ್ತದೆ. ಆ ಹೊತ್ತೆಲ್ಲ ಅಂಡಾಣುಗಳು ಕಾಯುತ್ತಿರುತ್ತವೆ. ಯಂತ್ರದ ಬೆಲೆ ಜಾಸ್ತಿ, ಅದು ಬಿಲ್ಲಿನಲ್ಲಿ ಕಾಣುತ್ತದೆ. ಬಂದಿರುವ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಕಾಕ್ರೇನ್ ಪರಿಶೀಲನೆಯಲ್ಲೂ ಇದರಿಂದ ಹೆಚ್ಚು ಮಕ್ಕಳು ಹುಟ್ಟುತ್ತಾರೆ ಅನ್ನಲು ಆಧಾರ ಸಾಲದು ಅಂತ ಬಂತು. ಬಹುತೇಕ ವೀರ್ಯಾಣುಗಳ ತಲೆಯೇ ವಿಕಾರವಾಗಿದ್ದು ಹಿಂದೆ ಇಕ್ಸಿ ಸೋತಿದ್ದರೆ ಯೋಚಿಸಬಹುದು. ಬಜೆಟ್ ಬಿಗಿ ಇದ್ದವರು ಮೊದಲು ಬಿಡಬೇಕಾದ ಸಾಲು ಇದೇ.

ಯುರೋಪಿನ ವೈದ್ಯರ ಸಂಘ ಎಷ್ರೆ 2023ರಲ್ಲಿ ಇಂಥ ಹೆಚ್ಚುವರಿ ಸೇವೆಗಳ ಬಗ್ಗೆ ಶಿಫಾರಸು ಕೊಟ್ಟಿತು. ಚಿಪ್, ಮ್ಯಾಕ್ಸ್, ಪಿಕ್ಸಿ, ಇಮ್ಸಿ ನಾಲ್ಕನ್ನೂ ಎಲ್ಲರಿಗೂ ಮಾಮೂಲಾಗಿ ಮಾಡಬೇಡಿ ಅಂದಿತು. ಯಾರಿಗೂ ಮಾಡಬೇಡಿ ಅನ್ನುವ ಅರ್ಥ ಅದಕ್ಕಿಲ್ಲ ಅಂತ ನಾನು ಓದಿಕೊಂಡಿದ್ದೇನೆ. ಕಾರಣ ಇಲ್ಲದೆ ಮಾಡಬೇಡಿ ಅಂತ ಅರ್ಥ.

ವೃಷಣದಿಂದಲೇ ತೆಗೆಯುವುದು

ವೀರ್ಯದಲ್ಲಿ ಒಂದೂ ವೀರ್ಯಾಣು ಇಲ್ಲದಿದ್ದರೆ ಆಯ್ಕೆಯ ಮಾತೇ ಇಲ್ಲ. ದಾರಿ ಮುಚ್ಚಿದ್ದರೆ ಸೂಜಿಯಿಂದ ತೆಗೆಯುವ ಟೆಸಾ, ಉತ್ಪಾದನೆಯೇ ಕಡಿಮೆ ಇದ್ದರೆ ಮೈಕ್ರೋಸ್ಕೋಪಿನ ಕೆಳಗೆ ಹುಡುಕುವ ಮೈಕ್ರೋ ಟೆಸೆ. ಇವು ಶಸ್ತ್ರಚಿಕಿತ್ಸೆಗಳು. ಇತ್ತೀಚೆಗೆ, ವೀರ್ಯದಲ್ಲಿ ವೀರ್ಯಾಣು ಇದ್ದೂ ಡಿಎಫ್‌ಐ ತುಂಬ ಜಾಸ್ತಿ ಇರುವವರಿಗೂ ಇದನ್ನು ಹೇಳುತ್ತಾರೆ. ವೃಷಣದಲ್ಲಿರುವ ವೀರ್ಯಾಣುವಿನ ಡಿಎನ್‌ಎ ಕಡಿಮೆ ಒಡೆದಿರುತ್ತದೆ ಅನ್ನುವುದು ಕಾರಣ, ಹೊರಬರುವ ದಾರಿಯಲ್ಲೇ ಹೆಚ್ಚು ಹಾನಿ ಆಗುವುದು. ಅಮೆರಿಕದ ಮೂತ್ರರೋಗ ತಜ್ಞರ ಮಾರ್ಗಸೂಚಿಯಲ್ಲೂ ಇದನ್ನು ಪರಿಗಣಿಸಬಹುದು ಅಂತಿದೆ. ಆದರೆ ಇದು ಮೈಮೇಲೆ ಕತ್ತರಿ ಆಡಿಸುವ ಮಾತು. ಬೇರೆಲ್ಲ ಮಾಡಿ ಸೋತ ಮೇಲೆ, ಆಂಡ್ರಾಲಜಿಸ್ಟ್, ಅಂದರೆ ಗಂಡಸರ ಬಂಜೆತನದ ಡಾಕ್ಟರು, ನೋಡಿದ ಮೇಲೆ ಮಾತ್ರ.

ಹಾಳೆಯಲ್ಲಿ ಬರೆದಿರದ ಆಯ್ಕೆ

ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಹೊರಗೆ ಬರಲು ಇನ್ನೂ ಕೆಲವು ದಿನ. ಅಂದರೆ ಇವತ್ತು ನಾನು ತೊಳೆಯುವ ಸ್ಯಾಂಪಲ್ ಮೂರು ತಿಂಗಳ ಹಿಂದಿನ ಬದುಕಿನದು. ಹೆಂಡತಿಯ ವಯಸ್ಸು ಕಮ್ಮಿ ಇದ್ದು, ಅಂಡಾಣು ಸಂಗ್ರಹ ಚೆನ್ನಾಗಿದ್ದರೆ ಮೂರು ತಿಂಗಳು ಕಾಯುವುದು ಎಷ್ಟೋ ಸಲ ಚಿಪ್‌ಗಿಂತ ಒಳ್ಳೆಯ ಹೂಡಿಕೆ.

ಬೀಡಿ, ಸಿಗರೇಟು, ಗುಟ್ಕಾ ಬಿಡಬೇಕು. ಬೇಕರಿ ಭಟ್ಟಿ, ಹೋಟೆಲ್ ಒಲೆ, ಬಾಯ್ಲರ್ ಮುಂದೆ ದಿನವಿಡೀ ನಿಲ್ಲುವವರು ಆ ಬಿಸಿಯ ಬಗ್ಗೆ ಡಾಕ್ಟರಿಗೆ ಹೇಳಬೇಕು. ವೃಷಣಕ್ಕೆ ಮೈಯ ಬಿಸಿಗಿಂತ ಕಡಿಮೆ ಬಿಸಿ ಬೇಕು. ವೆರಿಕೋಸೀಲ್, ಅಂದರೆ ವೃಷಣದ ರಕ್ತನಾಳಗಳ ಊತ, ಇದೆಯಾ ಅಂತ ಕೈಯಿಂದ ಪರೀಕ್ಷೆ ಮಾಡಿಸಬೇಕು. ಸೋಂಕು ಇದ್ದರೆ ಔಷಧಿ.

ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಜಿಮ್‌ನಲ್ಲಿ ಕೊಡುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಗಂಡಸುತನ ಹೆಚ್ಚಿಸುತ್ತದೆ ಅಂತ ತೆಗೆದುಕೊಳ್ಳುವ ಹುಡುಗರು ಇದ್ದಾರೆ. ಹೊರಗಿನಿಂದ ಅದು ಬಂದರೆ ಮಿದುಳು ವೃಷಣಕ್ಕೆ ಕೊಡುವ ಆದೇಶ ನಿಲ್ಲುತ್ತದೆ. ವೀರ್ಯಾಣು ಸೊನ್ನೆಗೆ ಇಳಿಯಬಹುದು. ತೆಗೆದುಕೊಂಡಿದ್ದರೆ ನಾಚಿಕೆ ಬೇಡ, ಡಾಕ್ಟರ ಹತ್ತಿರ ಹೇಳಿ. ನಿಲ್ಲಿಸಿದ ಮೇಲೆ ತಿಂಗಳುಗಳಲ್ಲಿ ಮತ್ತೆ ಬರುವುದು ಸಾಮಾನ್ಯ.

ಡಿಎಫ್‌ಐ ಜಾಸ್ತಿ ಇದ್ದವರಿಗೆ ಇನ್ನೂ ಒಂದು ಖರ್ಚಿಲ್ಲದ ದಾರಿ ಇದೆ. ಸ್ಯಾಂಪಲ್ ಕೊಡುವ ಮುಂಚೆ ಐದಾರು ದಿನ ತಡೆದುಕೊಂಡಷ್ಟೂ ಒಳ್ಳೆಯದು ಅಂತ ಜನ ಅಂದುಕೊಂಡಿದ್ದಾರೆ. ಸಂಖ್ಯೆ ಹೆಚ್ಚುತ್ತದೆ, ನಿಜ. ಆದರೆ ಒಳಗೆ ನಿಂತಷ್ಟೂ ಡಿಎನ್‌ಎ ಒಡೆಯುತ್ತದೆ. ಅಂಥವರಿಗೆ ಒಂದು ದಿನದ ಅಂತರ ಇಟ್ಟು ಸ್ಯಾಂಪಲ್ ಕೊಡಲು ನಾವು ಹೇಳುತ್ತೇವೆ. ಇಕ್ಸಿಗೆ ಸಂಖ್ಯೆ ಅಷ್ಟು ಬೇಕಿಲ್ಲವಲ್ಲ. ನಿಮ್ಮ ಡಾಕ್ಟರನ್ನು ಕೇಳಿ ಮಾಡಿ.

ಯಾರಿಗೆ ಯಾವುದು

ಐಯುಐ ಮಾಡಿಸುವವರು, ಸಂಖ್ಯೆ ಚೆನ್ನಾಗಿದ್ದರೆ ಸ್ವಿಮ್ ಅಪ್, ಕಡಿಮೆ ಇದ್ದರೆ ಗ್ರೇಡಿಯಂಟ್. ಅಷ್ಟೇ. ಮೊದಲ ಐವಿಎಫ್ ಅಥವಾ ಇಕ್ಸಿ, ಹಿಂದೆ ಗರ್ಭಪಾತ ಇಲ್ಲ ಅಂದರೂ ಇದೇ ಉತ್ತರ. ಹೆಚ್ಚುವರಿ ಚೌಕಗಳನ್ನು ಖಾಲಿ ಬಿಡಿ, ಆ ದುಡ್ಡನ್ನು ಉಳಿದ ಭ್ರೂಣಗಳನ್ನು ಫ್ರೀಜ್ ಮಾಡಿಸಲು ಇಟ್ಟುಕೊಳ್ಳಿ. ಮೊದಲ ಸಲ ಆಗದಿದ್ದರೆ ಕೈಗೆ ಬರುವುದು ಅದು.

ಡಿಎಫ್‌ಐ 30 ದಾಟಿದೆ, ಓಡುವ ವೀರ್ಯಾಣು ಸಾಕಷ್ಟಿದೆ: ಮೊದಲು ಮೂರು ತಿಂಗಳು, ಆಮೇಲೆ ಮತ್ತೆ ಪರೀಕ್ಷೆ, ಇನ್ನೂ ಜಾಸ್ತಿ ಇದ್ದರೆ ಚಿಪ್. ಹೆಂಡತಿಗೆ 38 ಆಗಿ ಕಾಯಲು ಹೊತ್ತಿಲ್ಲದಿದ್ದರೆ ನೇರ ಚಿಪ್ ಅಥವಾ ಪಿಕ್ಸಿ. ಎರಡೂ ಸೇರಿಸಿದರೆ ಲಾಭ ಎರಡರಷ್ಟು ಆಗುತ್ತದೆ ಅಂತ ಯಾರೂ ತೋರಿಸಿಲ್ಲ. ಒಂದನ್ನು ಆರಿಸಿ. ಗರ್ಭಪಾತವೇ ಮುಖ್ಯ ತೊಂದರೆ ಆಗಿದ್ದರೆ ನನ್ನ ಮತ ಪಿಕ್ಸಿಗೆ. ಅದಕ್ಕೂ ಮುಂಚೆ ಗರ್ಭಪಾತಕ್ಕೆ ಹೆಂಡತಿಯ ಕಡೆಯ ಕಾರಣಗಳು, ಇಬ್ಬರ ಕ್ರೋಮೋಸೋಮ್ ಪರೀಕ್ಷೆ ಆಗಿರಬೇಕು. ಓಡುವವೇ ಬೆರಳೆಣಿಕೆಯಷ್ಟು ಇದ್ದರೆ ಚಿಪ್, ಮ್ಯಾಕ್ಸ್ ಎರಡೂ ಬೇಡ. ಇರುವ ನಾಲ್ಕು ಕಾಳನ್ನು ಜರಡಿ ಹಿಡಿದು ಕಳೆದುಕೊಳ್ಳಬಾರದು.

ಗಂಡು ಮಗುವಿನ ವೀರ್ಯಾಣು ಬೇರೆ ಮಾಡಿಕೊಡಿ ಅಂತ ಕೇಳುವವರು ಈಗಲೂ ಇದ್ದಾರೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಗರ್ಭಧಾರಣೆಗೆ ಮುಂಚೆ ಲಿಂಗ ಆಯ್ಕೆ ಮಾಡುವುದೂ ಅಪರಾಧ. ಮಾಡಿಕೊಡುತ್ತೇವೆ ಅನ್ನುವ ಕಡೆ ಒಂದು ನಿಮಿಷವೂ ಕೂರಬೇಡಿ. ನೀವು ಹೋಗುವ ಕೇಂದ್ರ 2021ರ ಎಆರ್‌ಟಿ (ಐವಿಎಫ್‌ನಂಥ ಚಿಕಿತ್ಸೆಗಳ) ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತಲೂ ನೋಡಿಕೊಳ್ಳಿ. ಆ ಪ್ರಮಾಣಪತ್ರ ಕೇಳಿ ನೋಡುವುದು ನಿಮ್ಮ ಹಕ್ಕು.

ಹಾಸನದ ದಂಪತಿಯ ಫೈಲ್ ಬಿಚ್ಚಿ ನೋಡಿದೆವು. ಹೆಂಡತಿಗೆ 29. ಗರ್ಭಪಾತ ಇಲ್ಲ. ಅಂಡಾಣು ಸಾಗುವ ಟ್ಯೂಬ್ ಮುಚ್ಚಿದೆ, ಅದಕ್ಕೇ ಐವಿಎಫ್. ಗಂಡನ ವರದಿ ಮಿತಿಗಿಂತ ಮೇಲೇ ಇದೆ. ಅವರಿಗೆ ಇಕ್ಸಿಯೇ ಬೇಕಾ ಅನ್ನುವುದೇ ಮೊದಲ ಪ್ರಶ್ನೆ ಆಯಿತು. ಡಾಕ್ಟರ ಜೊತೆ ಕೂತು ಸಾಮಾನ್ಯ ಐವಿಎಫ್, ಸ್ವಿಮ್ ಅಪ್ ಅಂತ ತೀರ್ಮಾನ ಮಾಡಿದರು. ನಾಲ್ಕು ಚೌಕವೂ ಖಾಲಿ. ಅತ್ತೆಗೆ ಏನು ಹೇಳಲಿ ಅಂತ ಕೇಳಿದರು. ಬೇಕಾದ್ದೆಲ್ಲ ಮಾಡುತ್ತಿದ್ದಾರೆ ಅಂತ ಹೇಳಿ ಅಂದೆ. ಅದು ನಿಜವೂ ಹೌದು.

ಅವರಿಗೆ ಹೇಳಿದ ಇನ್ನೆರಡು ಮಾತು ಯಾವ ವಿಧಾನ ಆರಿಸಿದವರಿಗೂ ಬೇಕು. ಅಂಡಾಣು ತೆಗೆಯುವ ದಿನ ಗಂಡನಿಗೆ ಗಾಬರಿಯಿಂದ ಸ್ಯಾಂಪಲ್ ಬರದೆ ಹೋಗುವುದು ಉಂಟು. ಹೊರಗೆ ಎಲ್ಲರೂ ಕಾಯುತ್ತಿರುತ್ತಾರೆ, ಒಳಗೆ ಆತ ಬೆವರುತ್ತಿರುತ್ತಾನೆ. ಆ ಭಯ ಇದ್ದವರು ಮುಂಚೆಯೇ ಒಂದು ಸ್ಯಾಂಪಲ್ ಫ್ರೀಜ್ ಮಾಡಿಸಿಡಿ. ಮತ್ತೆ, ಸ್ಯಾಂಪಲ್ ಕೊಡುವಾಗ ಮೊದಲ ಹನಿಗಳು ಡಬ್ಬಿಯಿಂದ ಹೊರಗೆ ಬಿದ್ದರೆ ಸುಮ್ನೆ ಮುಚ್ಚಿಡಬೇಡಿ. ವೀರ್ಯಾಣು ಹೆಚ್ಚಿರುವುದು ಆ ಮೊದಲ ಪಾಲಿನಲ್ಲೇ. ಕಿಟಕಿಯಲ್ಲಿ ಡಬ್ಬಿ ಕೊಡುವಾಗ ಒಂದು ಮಾತು ಹೇಳಿದರೆ, ನಾವು ತೊಳೆಯುವ ವಿಧಾನವನ್ನೇ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತೇವೆ.